ಬಿಗಿ ಗುಂಗುರು ಕೂದಲನ್ನು ಉದ್ದ ಬೆಳೆಸುವುದು: ತೇವ ಹಿಡಿದು ತುದಿ ಉಳಿಸುವ ಸಮಗ್ರ ಮಾರ್ಗದರ್ಶಿ

ತಲೆ ಬಾಚಿದ ಮೇಲೆ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಸುತ್ತಿ ಎಸೆಯಬೇಡಿ. ಒಂದು ಬಿಳಿ ಹಾಳೆಯ ಮೇಲೆ ಹರಡಿ, ಕಿಟಕಿಯ ಬೆಳಕಿನಲ್ಲಿ ನೋಡಿ. ಒಂದು ತುದಿಯಲ್ಲಿ ಗಸಗಸೆ ಕಾಳಿಗಿಂತ ಚಿಕ್ಕದೊಂದು ಬಿಳಿ ಗುಬುಟು ಇದ್ದರೆ ಅದು ಬುಡದಿಂದ ತಾನಾಗಿ ಉದುರಿದ ಕೂದಲು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ವಾರಕ್ಕೊಮ್ಮೆ ಬಾಚುವವರಿಗೆ ಏಳು ದಿನದ್ದು ಒಟ್ಟಿಗೇ ಕೈಗೆ ಬರುತ್ತದೆ, ಆ ಉಂಡೆ ನೋಡಿ ಗಾಬರಿ ಬೇಡ. ಗುಬುಟಿಲ್ಲದೆ ಎರಡೂ ತುದಿ ಬೋಳಾಗಿರುವ ಗಿಡ್ಡ ಚೂರುಗಳ ವಿಷಯ ಬೇರೆ. ಅವು ಮುರಿದ ಕೂದಲು. ‘ನನ್ನ ಕೂದಲು ಬೆಳೆಯೋದೇ ಇಲ್ಲ’ ಎನ್ನುವ ಬಹಳಷ್ಟು ಜನರ ಹಾಳೆಯ ಮೇಲೆ ಇಂಥ ಚೂರುಗಳೇ ತುಂಬಿರುತ್ತವೆ.

ಕೂದಲು ಬೆಳೆಯುತ್ತಲೇ ಇದೆ. ನೇರ ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತದೆ. ಆಫ್ರಿಕಾ ಮೂಲದ ಬಿಗಿ ಸುರುಳಿಯ ಕೂದಲು ಸ್ವಲ್ಪ ನಿಧಾನ, ತಿಂಗಳಿಗೆ ಸರಾಸರಿ 8 ಮಿ.ಮೀ., ವರ್ಷಕ್ಕೆ 9ರಿಂದ 10 ಸೆಂ.ಮೀ. ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ಮುರಿದರೆ ಉದ್ದ ನಿಂತಲ್ಲೇ ನಿಲ್ಲುತ್ತದೆ. ಈ ಲೆಕ್ಕದಲ್ಲಿ 30 ಸೆಂ.ಮೀ. ಉದ್ದದ ಕೂದಲಿನ ತುದಿಗೆ ಮೂರು ವರ್ಷ ದಾಟಿದೆ. ಅದು ನೂರೈವತ್ತು ಸಲ ತಲೆಸ್ನಾನ ಕಂಡಿದೆ, ಸಾವಿರ ರಾತ್ರಿ ದಿಂಬಿಗೆ ಉಜ್ಜಿದೆ. ಬುಡಕ್ಕೆ ಏನು ಹಚ್ಚಲಿ ಎಂದು ಕೇಳುವವರೇ ಹೆಚ್ಚು. ಈ ಮೂರು ವರ್ಷದ ಮುದಿ ತುದಿಯನ್ನು ಹೇಗೆ ಕಾಯಲಿ ಎಂದು ಕೇಳಿಕೊಂಡವರಿಗೆ ಉದ್ದ ದಕ್ಕುತ್ತದೆ.

ಈ ವಿದ್ಯೆ ಬಹುಪಾಲು ಆಫ್ರಿಕಾದ ಮತ್ತು ಅಮೆರಿಕದ ಕಪ್ಪು ಹೆಂಗಸರು ತಮ್ಮ ತಲೆಗಳ ಮೇಲೆಯೇ ಕಲಿತು ಕಟ್ಟಿದ್ದು. ನಮ್ಮಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ, ಆಫ್ರಿಕಾ ಮೂಲದ ಸಿದ್ದಿಯರಲ್ಲಿ ಈ ಬಗೆಯ ಕೂದಲು ಹೆಚ್ಚು. ಅಷ್ಟು ಬಿಗಿಯಲ್ಲದಿದ್ದರೂ ದಟ್ಟ ಗುಂಗುರು ಇರುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರೆಲ್ಲರಿಗೂ ಬಾಲ್ಯದಿಂದ ಸಿಗುವ ಬುದ್ಧಿಮಾತು ಮಾತ್ರ ನೇರ ಕೂದಲಿನವರದು: ದಿನಾ ಬಾಚು, ಬಿಗಿಯಾಗಿ ಜಡೆ ಹಾಕು, ಎಣ್ಣೆ ಸುರಿ. ಈ ಮೂರೂ ಗುಂಗುರು ಕೂದಲಿಗೆ ಹೊಂದುವುದಿಲ್ಲ.

ಈ ಕೂದಲು ಏಕೆ ಒಣಗುತ್ತದೆ, ಎಲ್ಲಿ ಮುರಿಯುತ್ತದೆ

ನೇರ ಕೂದಲನ್ನು ಅಡ್ಡ ಕೊಯ್ದರೆ ಹೆಚ್ಚುಕಮ್ಮಿ ದುಂಡಗೆ ಕಾಣುತ್ತದೆ. ಬಿಗಿ ಗುಂಗುರಿನದು ಚಪ್ಪಟೆ, ಮೊಟ್ಟೆಯಾಕಾರ. ಅದು ಹುಟ್ಟುವ ಕುಳಿಯೇ ಬಾಗಿರುತ್ತದೆ. ನೆತ್ತಿಯಲ್ಲಿ ಒಸರುವ ಜಿಡ್ಡು ನೇರ ಕೂದಲಿನ ಮೇಲೆ ಜಾರಿ ತುದಿ ಮುಟ್ಟುತ್ತದೆ, ಸುರುಳಿಯಲ್ಲಿ ಎರಡು ಮೂರು ಸುತ್ತಿಗೇ ನಿಂತುಬಿಡುತ್ತದೆ. ಹಾಗಾಗಿ ಬುಡ ಜಿಡ್ಡು, ತುದಿ ಒಣಹುಲ್ಲು. ಜತೆಗೆ ಸುರುಳಿ ತಿರುಗುವ ಪ್ರತಿ ತಿರುವೂ ಒಂದು ದುರ್ಬಲ ಜಾಗ. ಬಾಚಣಿಗೆಯ ಎಳೆತವೆಲ್ಲ ಆ ತಿರುವಿನ ಮೇಲೇ ಬೀಳುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತೇವ ಎಂದರೆ ನೀರು. ಎಣ್ಣೆ ತೇವವಲ್ಲ, ಒಳಗಿನ ನೀರು ಬೇಗ ಆರದಂತೆ ಹಾಕುವ ಮುಚ್ಚಳ. ಒಣಗಿದ ಕೂದಲಿಗೆ ಬರೀ ಎಣ್ಣೆ ಬಳಿದರೆ ಖಾಲಿ ಪಾತ್ರೆಗೆ ಮುಚ್ಚಳ ಹಾಕಿದಂತೆ. ಹೊಳೆಯುತ್ತದೆ, ಆದರೆ ಬೆರಳಿಗೆ ಗರಗರ ಅನ್ನುವುದು ಹೋಗುವುದಿಲ್ಲ.

ಮೊದಲು ನಿಮ್ಮ ಕೂದಲನ್ನೂ ನೀರನ್ನೂ ಪರೀಕ್ಷಿಸಿ

ಲೋಟದ ನೀರಿನಲ್ಲಿ ಕೂದಲು ತೇಲಿಸಿ ನೋಡುವ ಪರೀಕ್ಷೆ ಎಲ್ಲೆಡೆ ಹೇಳುತ್ತಾರೆ, ಅದನ್ನು ನಂಬಬೇಡಿ. ಎಣ್ಣೆಯ ಅಂಶ ಇದ್ದರೆ ಎಂಥ ಕೂದಲೂ ತೇಲುತ್ತದೆ. ಬದಲಿಗೆ, ಶಾಂಪೂ ಹಾಕಿ ತೊಳೆದು ಆರಿದ, ಏನೂ ಹಚ್ಚದ ಕೂದಲಿಗೆ ನೀರು ಚಿಮುಕಿಸಿ. ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಒಂದೆರಡು ನಿಮಿಷ ಕುಳಿತೇ ಇದ್ದರೆ ನಿಮ್ಮ ಕೂದಲು ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಅದಕ್ಕೆ ಬಿಸಿ ಹಬೆ ಬೇಕು, ತೆಳು ಉತ್ಪನ್ನಗಳು ಬೇಕು. ತಕ್ಷಣ ಹೀರಿ, ಅಷ್ಟೇ ಬೇಗ ಆರಿದರೆ ಹೊರಪದರ ಸವೆದಿದೆ ಎಂದರ್ಥ. ಬಣ್ಣ, ಬ್ಲೀಚ್, ಸ್ಟ್ರೈಟನಿಂಗ್ ಕಂಡ ಕೂದಲು ಹೀಗಿರುತ್ತದೆ. ಅದಕ್ಕೆ ದಪ್ಪ ಕ್ರೀಮು, ಮೇಲೆ ಗಟ್ಟಿ ಎಣ್ಣೆ.

ನೀರಿನ ಪರೀಕ್ಷೆ ಇನ್ನೂ ಸುಲಭ. ಬಿಸಿನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೆಪ್ಪು ಕಟ್ಟುತ್ತಿದೆಯೇ? ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಪಾತ್ರೆಗೆ ಅಂಟಿದಂತೆಯೇ ಕೂದಲಿಗೂ ಅಂಟುತ್ತದೆ. ಆಮೇಲೆ ಎಷ್ಟು ಒಳ್ಳೆಯ ಕಂಡಿಷನರ್ ಹಾಕಿದರೂ ಕೂದಲು ಒರಟು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ, ಬಯಲುಸೀಮೆಯಲ್ಲಿ ಇದು ದಿನನಿತ್ಯದ ಕಥೆ. ಪೂರ್ತಿ ತಲೆ ಒಳ್ಳೆಯ ನೀರಿನಲ್ಲೇ ತೊಳೆಯಬೇಕೆಂದಿಲ್ಲ. ಕೊನೆಯ ಜಾಲಾಟಕ್ಕೆ 2 ಲೀಟರ್ ಫಿಲ್ಟರ್ ನೀರು ಅಥವಾ ಮಳೆನೀರು ಎತ್ತಿಡಿ. ತಿಂಗಳಿಗೊಮ್ಮೆ, ಪದಾರ್ಥಗಳ ಪಟ್ಟಿಯಲ್ಲಿ ಇಡಿಟಿಎ ಇರುವ, ಖನಿಜ ಬಿಡಿಸುವ ಶಾಂಪೂ ಬಳಸಿ. ಒಂದು ಲೀಟರ್ ನೀರಿಗೆ ಒಂದು ಟೇಬಲ್ ಚಮಚ ವಿನೆಗರ್ ಬೆರೆಸಿ ಹುಯ್ದುಕೊಂಡರೂ ಒರಟುತನ ಕೊಂಚ ಇಳಿಯುತ್ತದೆ. ನಿಂಬೆಹಣ್ಣನ್ನು ನೇರವಾಗಿ ತಲೆಗೆ ಹಿಂಡುವುದು, ಅಡುಗೆ ಸೋಡಾ ಉಜ್ಜುವುದು ಎರಡೂ ಬೇಡ. ಒಂದು ಅತಿ ಹುಳಿ, ಇನ್ನೊಂದು ಅತಿ ಕ್ಷಾರ.

ತಲೆಸ್ನಾನದ ದಿನ

7ರಿಂದ 10 ದಿನಕ್ಕೊಮ್ಮೆ ಸಾಕು. ಹೊಟ್ಟು ಇದ್ದರೆ, ದಿನಾ ಬೆವರುವ ಕೆಲಸವಿದ್ದರೆ ವಾರಕ್ಕೆ ಎರಡು ಸಲ. ಒಟ್ಟು ಎರಡು ತಾಸು ಬಿಡುವು ಮಾಡಿಕೊಳ್ಳಿ. ಮುರಿತದ ಬಹುಪಾಲು ಆಗುವುದು ಅವಸರದ ಈ ದಿನದಲ್ಲೇ.

ಮೊದಲನೆಯದು ಎಣ್ಣೆ, ಅದೂ ಸ್ನಾನಕ್ಕೆ ಮುಂಚೆ. ಕೊಬ್ಬರಿ ಎಣ್ಣೆ 1ರಿಂದ 2 ಟೇಬಲ್ ಚಮಚ, ನೆತ್ತಿಗಲ್ಲ, ನಡುವಿನಿಂದ ತುದಿಯವರೆಗೆ, ಕನಿಷ್ಠ ಅರ್ಧ ತಾಸು ಮೊದಲು. ಇದರಲ್ಲಿ ಅಜ್ಜಿಯರು ಸರಿಯಾಗಿಯೇ ಇದ್ದರು. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು, ಕೂದಲಿನೊಳಗೆ ಇಳಿಯುತ್ತದೆ. ತೊಳೆಯುವಾಗ ಪ್ರೋಟೀನ್ ನಷ್ಟವನ್ನು ಅದು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ಎಣ್ಣೆಯಾಗಲಿ ಹಾಗೆ ಮಾಡುವುದಿಲ್ಲ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆ ತೋರಿಸಿತು. ಒದ್ದೆಯಾದಾಗ ಕೂದಲು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಉಬ್ಬು-ಕುಗ್ಗಿನ ಆಟ ಹೆಚ್ಚಾದಷ್ಟೂ ಕೂದಲು ಸಡಿಲವಾಗುತ್ತದೆ. ಮೊದಲೇ ಇಳಿದ ಎಣ್ಣೆ ಆ ಉಬ್ಬನ್ನು ಮಿತಿಯಲ್ಲಿಡುತ್ತದೆ. ನೆತ್ತಿಗೆ ಎಣ್ಣೆ ಹಚ್ಚಿ ದಿನಗಟ್ಟಲೆ ಬಿಡುವುದು ಮಾತ್ರ ಹೊಟ್ಟಿರುವವರಿಗೆ ಕೇಡು. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ.

ಎರಡನೆಯದು ಭಾಗ ಮಾಡುವುದು. ಬೈತಲೆ ತೆಗೆದು 6ರಿಂದ 8 ಭಾಗ ಮಾಡಿ, ಪ್ರತಿಯೊಂದನ್ನೂ ಸಡಿಲವಾಗಿ ತಿರುಚಿ ಕ್ಲಿಪ್ ಹಾಕಿ. ಮುಂದಿನ ಎಲ್ಲ ಕೆಲಸವೂ ಭಾಗ ಭಾಗವಾಗಿಯೇ. ಇಡೀ ತಲೆಯನ್ನು ನಡುನೆತ್ತಿಗೆ ಗುಡ್ಡೆ ಮಾಡಿ ಬಟ್ಟೆ ತಿಕ್ಕಿದಂತೆ ತಿಕ್ಕಿದರೆ ಬೀಳುವ ಸಿಕ್ಕನ್ನು ಬಿಡಿಸಲು ಕತ್ತರಿಯೇ ಬೇಕಾದೀತು.

ಶಾಂಪೂ 2 ಟೀ ಚಮಚ, ಅದನ್ನು 100 ಮಿ.ಲೀ. ನೀರಿನಲ್ಲಿ ಕದಡಿ. ಬೆರಳ ತುದಿಯಿಂದ ನೆತ್ತಿಗೆ ಮಾತ್ರ ಹಚ್ಚಿ. ತೊಳೆಯುವಾಗ ಇಳಿಯುವ ನೊರೆ ತುದಿಗೆ ಸಾಕು. ಸಾಬೂನು ಬೇಡವೇ ಬೇಡ. ಗಡಸು ನೀರಿನಲ್ಲಿ ಅದು ಕರಗದ ಬಿಳಿ ಮಡ್ಡಿಯಾಗಿ ಕೂದಲಿಗೆ ಕೂರುತ್ತದೆ. ಸೀಗೆಕಾಯಿ ಬಳಸುವವರು ಪುಡಿಯನ್ನು ನೇರ ಹಾಕಬೇಡಿ. ಸುರುಳಿಯೊಳಗೆ ಸಿಕ್ಕ ಪುಡಿ ಹೊರಬರುವುದಿಲ್ಲ, ಬಾಚುವಾಗ ಉಪ್ಪುಕಾಗದದಂತೆ ಕೂದಲನ್ನು ಹೆರೆಯುತ್ತದೆ. ಕಾಯಿ ನೆನೆಹಾಕಿ, ಕುದಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಬರೀ ಕಷಾಯ ಬಳಸಿ.

ಈಗ ಸಿಕ್ಕು ಬಿಡಿಸುವುದು, ಇಡೀ ದಿನದ ಅತಿ ನಾಜೂಕಿನ ಕೆಲಸ. ಒಣ ಗುಂಗುರನ್ನು ಬಾಚಲೇಬೇಡಿ. ಬರೀ ಒದ್ದೆ ಕೂದಲನ್ನೂ ಬಾಚಬೇಡಿ, ಒದ್ದೆಯಾದಾಗ ಅದು ರಬ್ಬರಿನಂತೆ ಹಿಗ್ಗಿ ಕಡಿಯುತ್ತದೆ. ಒದ್ದೆಯೂ ಬೇಕು, ಜಾರುವಿಕೆಯೂ ಬೇಕು. ಒಂದು ಭಾಗಕ್ಕೆ ಅರ್ಧದಿಂದ ಒಂದು ಟೇಬಲ್ ಚಮಚ ಕಂಡಿಷನರ್ ಹಚ್ಚಿ. ಕಂಡಿಷನರ್ ಬದಲಿಗೆ ದಾಸವಾಳದ ಎಲೆಯ ಲೋಳೆಯೂ ಆದೀತು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ಹಳೆಯ ರೂಢಿ. 15–20 ಎಲೆ ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಲೋಟದಿಂದ ಲೋಟಕ್ಕೆ ಒಂದೇ ಎಳೆಯಾಗಿ ಇಳಿಯುವಂಥ ಲೋಳೆ ಸಿಗುತ್ತದೆ.

ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ 5 ಸೆಂ.ಮೀ. ಮೇಲೆ ಎಡಗೈಯಲ್ಲಿ ಕೂದಲನ್ನು ಬಿಗಿ ಹಿಡಿದು, ಕೆಳಗಿನ ಅಷ್ಟನ್ನೇ ಬಾಚಿ. ಅದು ಸಲೀಸಾದ ಮೇಲೆ ಹಿಡಿತವನ್ನು ಇನ್ನೊಂದು 5 ಸೆಂ.ಮೀ. ಮೇಲೇರಿಸಿ. ಬುಡದಿಂದ ಶುರು ಮಾಡಿದರೆ ಎಲ್ಲ ಸಣ್ಣ ಸಿಕ್ಕುಗಳೂ ಕೆಳಕ್ಕೆ ಜಾರಿ ತುದಿಯಲ್ಲಿ ಒಂದೇ ಗಂಟಾಗುತ್ತವೆ. ಬಾಚಣಿಗೆ ನಿಂತಾಗ ಎಳೆಯಬೇಡಿ; ಗಂಟಿಗೆ ಇನ್ನಷ್ಟು ಲೋಳೆ ಹಚ್ಚಿ, ಬೆರಳಿನಿಂದ ಅಡ್ಡಕ್ಕೆ ಬಿಡಿಸಿ. ಒಳಗೆ ಸಿಕ್ಕಿರುವುದು ಸಾಮಾನ್ಯವಾಗಿ ಉದುರಿದ ಕೂದಲೇ, ಅದು ಜಾರಿ ಬಂದರೆ ಗಂಟು ತಾನೇ ಸಡಿಲವಾಗುತ್ತದೆ. ‘ಟಿಕ್’ ಎಂಬ ಸದ್ದು ಕೇಳಿಸಿತೋ, ಅದು ಮುರಿದ ಸದ್ದು. ಅಲ್ಲಿಗೇ ಕೈ ನಿಲ್ಲಿಸಿ.

ಬಿಡಿಸಿದ ಮೇಲೆ ಕಂಡಿಷನರ್ ಅನ್ನು 20ರಿಂದ 30 ನಿಮಿಷ ಬಿಟ್ಟು, ಆಮೇಲೆ ತೊಳೆಯಿರಿ. ಅಷ್ಟು ಹೊತ್ತು ತಲೆಗೆ ಪ್ಲಾಸ್ಟಿಕ್ ಟೋಪಿ, ಅದರ ಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್. ರಾತ್ರಿಯಿಡೀ ಬಿಟ್ಟರೆ ಹೆಚ್ಚಿನ ಲಾಭವಿಲ್ಲ, ಕೂದಲು ಅತಿಯಾಗಿ ನೆನೆದು ಮೆತ್ತಗಾಗುತ್ತದೆ.

ಅಡುಗೆಮನೆಯ ಮದ್ದುಗಳ ಬಗ್ಗೆ: ಬಾಳೆಹಣ್ಣನ್ನು ಎಷ್ಟೇ ನುಣ್ಣಗೆ ರುಬ್ಬಿದರೂ ನಾರು ಸುರುಳಿಯಲ್ಲಿ ಉಳಿಯುತ್ತದೆ, ಅದನ್ನು ಕೀಳುವಾಗ ಕೂದಲೂ ಬರುತ್ತದೆ. ಮೊಟ್ಟೆಯ ಪ್ರೋಟೀನ್ ಕಣ ಕೂದಲೊಳಗೆ ಹೋಗಲಾರದಷ್ಟು ದೊಡ್ಡದು. ಪ್ರೋಟೀನ್ ಬೇಕಿದ್ದರೆ ಪಟ್ಟಿಯಲ್ಲಿ ‘ಹೈಡ್ರೊಲೈಸ್ಡ್’ (ಚಿಕ್ಕ ಕಣಗಳಾಗಿ ಒಡೆದದ್ದು) ಎಂದು ಬರೆದಿರುವುದನ್ನು ಕೊಳ್ಳಿ, ತಿಂಗಳಿಗೊಮ್ಮೆ ಹಚ್ಚಿ. ಬೇಕೋ ಬೇಡವೋ ಎಂದು ತಿಳಿಯಲು ಒಂದು ಒದ್ದೆ ಎಳೆಯನ್ನು ಮೆಲ್ಲಗೆ ಎಳೆಯಿರಿ. ಕೊಂಚ ಹಿಗ್ಗಿ ಮತ್ತೆ ಸುರುಳಿಯಾದರೆ ಎಲ್ಲ ಸರಿ. ಹಿಗ್ಗಿ ಹಿಗ್ಗಿ, ಬೆಂದ ಶಾವಿಗೆಯಂತೆ ಜೋತು ಬಿದ್ದರೆ ಪ್ರೋಟೀನ್ ಸಾಲದು. ಹಿಗ್ಗದೆ ಕಡ್ಡಿಯಂತೆ ಮುರಿದರೆ ಪ್ರೋಟೀನ್ ಹೆಚ್ಚಾಗಿದೆ ಅಥವಾ ತೇವ ಸಾಲದು.

ನೀರು, ಲೋಳೆ, ಮುಚ್ಚಳ

ಟರ್ಕಿ ಟವೆಲಿನಿಂದ ಉಜ್ಜಬೇಡಿ. ಹಳೆಯ ಹತ್ತಿ ಟೀ-ಶರ್ಟ್ ಅಥವಾ ಮೆತ್ತಗಾದ ಪಂಚೆಯಲ್ಲಿ ಒತ್ತಿ, ತೊಟ್ಟಿಕ್ಕುವುದು ನಿಂತರೆ ಸಾಕು. ಕೂದಲು ಪೂರ್ತಿ ಒದ್ದೆಯಾಗಿರುವಾಗಲೇ ಪ್ರತಿ ಭಾಗಕ್ಕೆ ಒಂದು ಟೀ ಚಮಚ ಲೀವ್-ಇನ್ ಕಂಡಿಷನರ್ (ತೊಳೆಯದೆ ಹಾಗೇ ಬಿಡುವಂಥದು) ಹಚ್ಚಿ, ಮೇಲೆ ಅಗಸೆ ಲೋಳೆ, ಕೊನೆಗೆ ಎಣ್ಣೆ.

ಅಗಸೆ ಲೋಳೆ ಮಾಡುವ ಬಗೆ: ಹುರಿಯದ ಅಗಸೆ ಬೀಜ ಕಾಲು ಕಪ್, ನೀರು 2 ಕಪ್. ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಾ 7ರಿಂದ 10 ನಿಮಿಷ ಕುದಿಸಿ. ಬಿಳಿ ನೊರೆ ಏಳುತ್ತದೆ. ಸೌಟು ಎತ್ತಿದಾಗ ಮೊಟ್ಟೆಯ ಬಿಳಿಯಂತೆ ನೂಲಾಗಿ ಇಳಿದರೆ ತಕ್ಷಣ ಒಲೆ ಆರಿಸಿ, ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಎಲ್ಲರೂ ಎಡವುವುದು ಇಲ್ಲೇ. ‘ಆರಲಿ’ ಎಂದು ಬಿಟ್ಟರೆ ಬೀಜ ಲೋಳೆಯನ್ನು ಬಿಡುವುದೇ ಇಲ್ಲ, ಹಿಂಡಿ ಹಿಂಡಿ ಬಟ್ಟೆ ಹರಿಯುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಮುಚ್ಚಳಕ್ಕೆ ಹರಳೆಣ್ಣೆ ಒಳ್ಳೆಯದು, ಆದರೆ ಅತಿ ಅಂಟು. ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಕೊಬ್ಬರಿ ಅಥವಾ ಎಳ್ಳೆಣ್ಣೆ ಬೆರೆಸಿ. ಪ್ರತಿ ಭಾಗಕ್ಕೆ ನಾಲ್ಕೈದು ಹನಿ ಅಂಗೈಯಲ್ಲಿ ತಿಕ್ಕಿ, ತುದಿಯ ಕಡೆಯ 5 ಸೆಂ.ಮೀ.ಗೆ ಮೊದಲು ಒತ್ತಿ. ಹರಳೆಣ್ಣೆಯಿಂದ ಕೂದಲು ಬೇಗ ಬೆಳೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಅದು ತುದಿಯನ್ನು ಮುರಿಯದಂತೆ ಕಾಯುತ್ತದೆ, ಬೆಳೆದಂತೆ ಕಾಣುವುದು ಅದಕ್ಕೇ. ಆಫ್ರಿಕಾದ ಚಾಡ್ ದೇಶದ ಬಸಾರಾ ಹೆಂಗಸರು ಉದ್ದ ಕೂದಲಿಗಾಗಿ ಬಳಸುವ ಚೆಬೆ ಎಂಬ ಪುಡಿಯ ಗುಟ್ಟೂ ಇದೇ. ಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅವರು ನೆತ್ತಿಗೆ ಹಚ್ಚುವುದಿಲ್ಲ. ಒದ್ದೆ ಮಾಡಿದ ಕೂದಲಿನ ಉದ್ದಕ್ಕೆ ಬಳಿದು, ಜಡೆ ಹೆಣೆದು, ದಿನಗಟ್ಟಲೆ ಹಾಗೇ ಬಿಡುತ್ತಾರೆ.

ಗ್ಲಿಸರಿನ್ ಇರುವ ಉತ್ಪನ್ನ ಊರು ನೋಡಿ ಬಳಸಬೇಕು. ಅದು ಗಾಳಿಯ ತೇವ ಎಳೆದು ಕೆಲಸ ಮಾಡುತ್ತದೆ. ಕಲಬುರಗಿ, ವಿಜಯಪುರದ ಬೇಸಗೆಯಲ್ಲಿ, ಎಸಿ ಕೋಣೆಯಲ್ಲಿ ಎಳೆಯಲು ತೇವವೇ ಇಲ್ಲ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅತಿಯಾಗಿ ಎಳೆದು ಕೂದಲು ಕೆದರಿ ಉಬ್ಬುತ್ತದೆ. ಎರಡೂ ಕಡೆ ಕಡಿಮೆ ಮಾಡಿ, ಎಣ್ಣೆ-ಕ್ರೀಮಿನ ಕಡೆ ವಾಲಿ.

ಹೆಣೆದು ಬಿಡಿ

ಹರಡಿ ಬಿಟ್ಟ ಬಿಗಿ ಗುಂಗುರು ಒಣಗುತ್ತಾ ಸುರುಳಿಗೆ ಸುರುಳಿ ಸೇರಿ ಗಂಟಾಗುತ್ತದೆ. ಒಂಟಿ ಎಳೆಯೇ ತನ್ನ ಸುತ್ತ ಸುತ್ತಿ ಬೀಳುವ ಗಂಟೂ ಉಂಟು. ಬೆರಳಲ್ಲಿ ಜಾರಿಸಿದರೆ ರವೆ ಕಾಳಿನಂತೆ ಸಿಗುತ್ತದೆ. ಅದನ್ನು ತಪ್ಪಿಸಲು ಕೂದಲು ಒದ್ದೆ ಇರುವಾಗಲೇ 12ರಿಂದ 20 ಎರಡೆಳೆ ತಿರುಚು ಜಡೆ ಹಾಕಿ. ಎರಡೆಳೆಯದು ಮೂರೆಳೆಯದಕ್ಕಿಂತ ಸುಲಭವಾಗಿ ಬಿಚ್ಚುತ್ತದೆ, ಕೂದಲು ಕಡಿಮೆ ಹೋಗುತ್ತದೆ. ಪೂರ್ತಿ ಆರುವ ತನಕ ಬಿಚ್ಚಬೇಡಿ. ಇಡೀ ವಾರ ಹಾಗೇ ಬಿಟ್ಟರೆ ಇನ್ನೂ ಒಳ್ಳೆಯದು, ಮುಟ್ಟದ ಕೂದಲು ಮುರಿಯುವುದಿಲ್ಲ.

ಬಿಗಿ ಸುರುಳಿ ಒಣಗಿದಾಗ ತನ್ನ ನಿಜ ಉದ್ದದ ಮುಕ್ಕಾಲರಷ್ಟು ಕುಗ್ಗಬಹುದು. ಭುಜ ಮುಟ್ಟುವ ಕೂದಲು ಕಿವಿಯ ಬಳಿ ನಿಲ್ಲುತ್ತದೆ. ಅದು ಆರೋಗ್ಯದ ಲಕ್ಷಣ, ರೋಗವಲ್ಲ. ಉದ್ದ ಕಾಣಲು ಇಸ್ತ್ರಿ ಬೇಡ. ನೈಜೀರಿಯಾದ ಯೊರುಬಾ ಹೆಂಗಸರು ಕೂದಲಿಗೆ ಬುಡದಿಂದ ತುದಿಯವರೆಗೆ ದಾರ ಸುತ್ತಿ ಹಿಗ್ಗಿಸುತ್ತಾರೆ. ಅರ್ಧ ಆರಿದ ಕೂದಲಿಗೆ ಹತ್ತಿ ದಾರ ಸುತ್ತಿ ರಾತ್ರಿ ಬಿಟ್ಟರೆ ಬೆಳಗ್ಗೆ ಬಿಸಿ ತಾಗಿಸದೆಯೇ ಉದ್ದ ಇಳಿಯುತ್ತದೆ.

ಜಡೆ ಹಾಕಿದ ರಾತ್ರಿ ಹಣೆಯಂಚು ಚುರುಗುಟ್ಟಿದರೆ, ಸಣ್ಣ ಗುಳ್ಳೆ ಎದ್ದರೆ ಆಗಲೇ ಬಿಚ್ಚಿ. ವರ್ಷಗಟ್ಟಲೆ ಎಳೆತ ಬಿದ್ದರೆ ಹಣೆಯಂಚಿನ, ಕಿವಿ ಮೇಲಿನ ಕೂದಲು ಕುಳಿ ಸಮೇತ ಸಾಯುತ್ತದೆ, ಮತ್ತೆ ಬರುವುದಿಲ್ಲ. ಶಾಲೆಗೆ ಹೋಗುವ ಗುಂಗುರು ಕೂದಲ ಹುಡುಗಿಯರಿಗೆ ಬಿಗಿ ಎರಡು ಜಡೆ ಹಾಕಿ, ಮೇಲೆ ಮಡಚಿ ರಿಬ್ಬನ್ ಕಟ್ಟುವ ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ರಾತ್ರಿ, ಹೆಲ್ಮೆಟ್, ವಾರದ ನಡುವೆ

ಹತ್ತಿ ದಿಂಬು ಎಣ್ಣೆ-ನೀರು ಎರಡನ್ನೂ ಹೀರುತ್ತದೆ, ಉಜ್ಜಿ ತುದಿ ಸವೆಸುತ್ತದೆ. ಸಾಟಿನ್ ಟೋಪಿ ಕೊಳ್ಳಬಹುದು, ಆದರೆ ನಮ್ಮ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇದೆ: ಸವೆದ ರೇಷ್ಮೆ ಸೀರೆ. ಜರಿ ಇಲ್ಲದ ಒಡಲಿನ ಭಾಗದಿಂದ 90 ಸೆಂ.ಮೀ. ಚೌಕ ಕತ್ತರಿಸಿ, ಅಂಚು ಮಡಿಸಿ ಹೊಲಿದು ತಲೆಗೆ ಕಟ್ಟಿ. ಜರಿ ತಾಗಿದರೆ ಅದೇ ಕೂದಲನ್ನು ಕೊಯ್ಯುತ್ತದೆ. ಹೆಲ್ಮೆಟ್ಟಿನ ಕೆಳಗೂ ಇಂಥದೇ ತೆಳು ಬಟ್ಟೆ ಕಟ್ಟಬಹುದು, ತುರುಬನ್ನು ಕತ್ತಿನ ಹತ್ತಿರಕ್ಕೆ ಇಳಿಸಿ. ಹೆಲ್ಮೆಟ್ ಸಡಿಲವಾಗಿ ಅಲ್ಲಾಡುವಷ್ಟು ದಪ್ಪ ಬಟ್ಟೆ ಮಾತ್ರ ಬೇಡ.

ಮೂರನೇ ದಿನದ ಹೊತ್ತಿಗೆ ತುದಿ ಒಣಗಿದಂತೆನಿಸಿದರೆ ಸ್ಪ್ರೇ ಬಾಟಲಿಯಲ್ಲಿ 100 ಮಿ.ಲೀ. ನೀರು, ಒಂದು ಟೀ ಚಮಚ ಲೀವ್-ಇನ್ ಹಾಕಿ ಕುಲುಕಿ, ತುದಿಗೆ ನಾಲ್ಕು ಸಲ ಚಿಮುಕಿಸಿ, ಎರಡು ಹನಿ ಎಣ್ಣೆ ಒತ್ತಿ. ಈ ನೀರನ್ನು ಎರಡು ದಿನಕ್ಕೆ ಬೇಕಾದಷ್ಟೇ ಮಾಡಿ.

ಸ್ಟ್ರೈಟನಿಂಗ್ ಮಾಡಿಸಿದ ಕೂದಲನ್ನು ಬಿಟ್ಟು ಬೆಳೆಸುವವರಿಗೆ

ರಾಸಾಯನಿಕ ನೇರಗೊಳಿಸುವಿಕೆ ಕೂದಲಿನೊಳಗಿನ ಗಂಧಕದ ಬಂಧಗಳನ್ನೇ ಮುರಿಯುತ್ತದೆ. ಆ ಭಾಗ ಯಾವ ಎಣ್ಣೆಗೂ ಮತ್ತೆ ಸುರುಳಿಯಾಗದು. ಹೊಸ ಗುಂಗುರು ಮತ್ತು ಹಳೆಯ ನೇರ ಕೂದಲು ಸೇರುವ ಗೆರೆಯೇ ಎಲ್ಲಕ್ಕಿಂತ ದುರ್ಬಲ. ಒಂದೇ ಸಲ ಕತ್ತರಿಸಲು ಮನಸ್ಸಿಲ್ಲದಿದ್ದರೆ ಎರಡು ತಿಂಗಳಿಗೊಮ್ಮೆ 2 ಸೆಂ.ಮೀ.ಯಂತೆ ನೇರ ಭಾಗ ಇಳಿಸುತ್ತಾ ಹೋಗಿ. ಅಲ್ಲಿಯವರೆಗೆ ಸಿಕ್ಕು ಬಿಡಿಸುವಾಗ ಆ ಗೆರೆಯ ಮೇಲ್ಗಡೆಯೇ ಹಿಡಿದು ಬಾಚಿ. ನಡುವೆ ‘ಬುಡಕ್ಕೆ ಮಾತ್ರ ಇನ್ನೊಂದು ಸಲ’ ಎಂಬ ಆಸೆ ಬರುತ್ತದೆ, ಮಾಡಿಸಿದರೆ ಎಣಿಕೆ ಮೊದಲಿನಿಂದ.

ಕತ್ತರಿ ಮತ್ತು ಅಳತೆ

ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂಬುದು ಸುಳ್ಳು. ಬೆಳೆಯುವ ಬುಡಕ್ಕೆ ತುದಿಯ ಸುದ್ದಿ ಮುಟ್ಟುವುದಿಲ್ಲ. ಆದರೆ ಸೀಳಿದ ತುದಿ ಮೇಲಕ್ಕೆ ಸೀಳುತ್ತಾ ಹೋಗುತ್ತದೆ, ಪಕ್ಕದ ಎಳೆಗಳನ್ನೂ ಸಿಕ್ಕಿಸುತ್ತದೆ. 3ರಿಂದ 4 ತಿಂಗಳಿಗೊಮ್ಮೆ ಅರ್ಧ ಸೆಂ.ಮೀ. ಸಾಕು. ಕೂದಲಿಗಷ್ಟೇ ಬಳಸುವ ಹರಿತ ಕತ್ತರಿಯಿಂದ, ತಿರುಚು ಜಡೆ ಹಾಕಿದಾಗ ಪ್ರತಿ ಜಡೆಯ ತೆಳುವಾದ ತುದಿ ತೆಗೆಯಿರಿ.

ಉದ್ದ ಅಳೆಯಲು ಮೂರು ಜಾಗ ಗೊತ್ತು ಮಾಡಿಕೊಳ್ಳಿ: ಹಣೆಯ ಮೇಲೆ, ಬಲಗಿವಿಯ ಹಿಂದೆ, ಕತ್ತಿನ ಮೇಲೆ. ಮೂರು ತಿಂಗಳಿಗೊಮ್ಮೆ ಒದ್ದೆ ಎಳೆಯನ್ನು ಟೇಪಿನ ಪಕ್ಕ ಮೆಲ್ಲಗೆ ಹಿಗ್ಗಿಸಿ ಬರೆದಿಡಿ. ಕತ್ತರಿಸಿದ್ದನ್ನೂ ಸೇರಿಸಿ 2 ಸೆಂ.ಮೀ. ಹೆಚ್ಚಿದ್ದರೆ ಕ್ರಮ ಸರಿಯಾಗಿದೆ. ಕತ್ತಿನ ಮೇಲೆ ಮಾತ್ರ ಕಡಿಮೆಯಿದ್ದರೆ ಕಾಲರ್, ದುಪಟ್ಟಾ, ದಿಂಬು ಉಜ್ಜುತ್ತಿವೆ. ಹಣೆಯ ಮೇಲೆ ಮಾತ್ರ ಕಡಿಮೆಯಿದ್ದರೆ ಜಡೆಯ ಎಳೆತ. ಎಲ್ಲ ಕಡೆಯೂ ಕಡಿಮೆಯಾಗಿ, ಬಿಳಿ ಹಾಳೆಯ ಮೇಲೆ ಗುಬುಟಿರುವ ಕೂದಲೇ ಹೆಚ್ಚಿದ್ದರೆ ಇಲ್ಲಿ ಹೇಳಿದ ಯಾವುದೂ ಉಪಯೋಗಕ್ಕೆ ಬಾರದು. ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಥೈರಾಯ್ಡ್ ಪರೀಕ್ಷೆ ಮಾಡಿಸಿ, ಚರ್ಮವೈದ್ಯರಿಗೆ ಆ ಹಾಳೆಯನ್ನೂ ತೋರಿಸಿ.